ಝಡ್‌ಎಸ್‌ಎಂ-5ರ ಹೊರಮೈ ಮುಚ್ಚಿ ಪ್ಯಾರಾ ಕ್ಸೈಲೀನ್ ಹೆಚ್ಚಿಸಿದ್ದು: ನನ್ನ ಅನುಭವ

ಟೊಲುಯೀನನ್ನು ಆಮ್ಲೀಯ ಜಿಯೊಲೈಟ್ (ಅತಿ ಸಣ್ಣ ರಂಧ್ರಗಳಿರುವ ಹರಳು, ಇಲ್ಲಿ ಕ್ಯಾಟಲಿಸ್ಟ್) ಮೇಲೆ ಹಾಯಿಸಿದರೆ ಬೆಂಜೀನ್ ಜೊತೆ ಆರ್ಥೊ, ಮೆಟಾ, ಪ್ಯಾರಾ ಎಂಬ ಮೂರೂ ಬಗೆಯ ಕ್ಸೈಲೀನ್ ಬರುತ್ತವೆ. ಸುಮ್ನೆ ಬಿಟ್ಟರೆ ಅದರಲ್ಲಿ ಪ್ಯಾರಾ ಪಾಲು ಶೇ. 24ರ ಆಸುಪಾಸು, ಅರ್ಧದಷ್ಟು ಮೆಟಾ. ಆದರೆ ಪಾಲಿಯೆಸ್ಟರ್‌ಗೆ ಬೇಕಾಗಿರುವುದು ಪ್ಯಾರಾ. ಬಟ್ಟಿ ಇಳಿಸಿ ಬೇರೆ ಮಾಡೋಣ ಅಂದರೆ ಪ್ಯಾರಾ 138 ಡಿಗ್ರಿಗೆ ಕುದಿಯುತ್ತದೆ, ಮೆಟಾ 139ಕ್ಕೆ! ಹಾಗಾಗಿ ರಿಯಾಕ್ಟರ್ ಒಳಗೇ ಪ್ಯಾರಾ ಜಾಸ್ತಿ ಆಗುವಂತೆ ನೋಡಿಕೊಳ್ಳಬೇಕು.

ನಾನು ಬಳಸಿದ ಜಿಯೊಲೈಟ್ ಝಡ್‌ಎಸ್‌ಎಂ-5. ಅದರ ರಂಧ್ರ ಸುಮಾರು 5.5 ಆಂಗ್‌ಸ್ಟ್ರಾಮ್. ಪ್ಯಾರಾ ಅದರಿಂದ ಸಲೀಸಾಗಿ ಜಾರಿ ಬರುತ್ತದೆ, ಆರ್ಥೊ ಮತ್ತು ಮೆಟಾ ಒಳಗೇ ತಡವರಿಸುತ್ತವೆ. ತೊಂದರೆ ಇರುವುದು ಹೊರಮೈಯಲ್ಲಿ. ಹೊರಗೆ ಬಂದ ಪ್ಯಾರಾ ಅಲ್ಲಿನ ಆಮ್ಲ ತಾಣಗಳಿಗೆ (ಕ್ರಿಯೆ ನಡೆಸುವ ಜಾಗಗಳಿಗೆ) ಸಿಕ್ಕಿ ಮತ್ತೆ ಮೆಟಾ ಆಗಿಬಿಡುತ್ತದೆ. ಅದಕ್ಕೇ ನಾನು ಹೊರಮೈಯನ್ನು ಸಿಲಿಕಾದಿಂದ ಮುಚ್ಚಿದೆ.

ಮೊದಲು ಸೋಡಿಯಂ ರೂಪದ ಪುಡಿಯನ್ನು ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ 80 ಡಿಗ್ರಿಯಲ್ಲಿ ಕಲಕಿ, ಸೋಸಿ, ತೊಳೆದು, 550 ಡಿಗ್ರಿಯಲ್ಲಿ ಕಾಯಿಸಿ ಹೈಡ್ರೋಜನ್ ರೂಪಕ್ಕೆ ತಂದೆ. ಆಮೇಲೆ ಸೈಕ್ಲೊಹೆಕ್ಸೇನ್‌ನಲ್ಲಿ ಈ ಪುಡಿಗೆ ಟೆಟ್ರಾಈಥೈಲ್ ಆರ್ಥೊಸಿಲಿಕೇಟ್ (ಸಿಲಿಕಾ ಕೊಡುವ ದ್ರವ) ಸೇರಿಸಿ ಕಲಕುವುದು, ಒಣಗಿಸುವುದು, ಮತ್ತೆ ನಿಧಾನಕ್ಕೆ ಕಾಯಿಸುವುದು. ಈ ಅಣು ರಂಧ್ರದೊಳಗೆ ಹಿಡಿಸುವುದಿಲ್ಲ, ಹೊರಗೇ ಕೂರುತ್ತದೆ, ನಮಗೆ ಬೇಕಾದದ್ದೂ ಅದೇ. ಪುಡಿ ಮತ್ತು ದ್ರಾವಕ ಎರಡೂ ಚೆನ್ನಾಗಿ ಒಣಗಿರಬೇಕು. ತೇವ ಉಳಿದರೆ ಸಿಲಿಕೇಟ್ ದ್ರಾವಣದಲ್ಲೇ ಒಡೆದು ಬೇರೆ ಸಿಲಿಕಾ ಆಗುತ್ತದೆ, ಫ್ಲಾಸ್ಕ್ ಗೋಡೆಗೆ ಬಿಳಿ ಪೊರೆ ಅಂಟುತ್ತದೆ, ಜಿಯೊಲೈಟ್‌ಗೆ ಸಿಗಬೇಕಾದದ್ದು ಸಿಗುವುದಿಲ್ಲ. ಒಂದೇ ಸಲಕ್ಕೆ ಜಾಸ್ತಿ ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಪದರ ಹಾಕುವುದೇ ವಾಸಿ, ಪದರ ಸಮನಾಗಿ ಕೂರುತ್ತದೆ.

ಹೊರಮೈ ನಿಜವಾಗಿ ಮುಚ್ಚಿದೆಯಾ ಅಂತ ತಿಳಿಯಲು ಟ್ರೈಐಸೊಪ್ರೊಪೈಲ್‌ಬೆಂಜೀನ್ ಹಾಯಿಸಿ ನೋಡಿದೆ. ಈ ದಪ್ಪ ಅಣು ಒಳಗೆ ಹೋಗಲಾರದು, ಒಡೆದರೆ ಹೊರಗೇ ಒಡೆಯಬೇಕು. ಪದರ ಏರಿದಂತೆ ಒಡೆಯುವುದು ಇಳಿಯುತ್ತಾ ಬಂತು. ಜೊತೆಗೆ ಅಮೋನಿಯಾ ಟಿಪಿಡಿಯನ್ನೂ (ಅಮೋನಿಯಾ ಹಿಡಿಸಿ, ಬಿಸಿ ಏರಿಸುತ್ತಾ ಎಷ್ಟು ಹೊರಬಂತು ಅಂತ ಅಳೆಯುವ ಪರೀಕ್ಷೆ) ಮಾಡಿ. ಅಮೋನಿಯಾ ಚಿಕ್ಕ ಅಣು, ಒಳಗಿನ ಆಮ್ಲವನ್ನೂ ಲೆಕ್ಕ ಹಾಕುತ್ತದೆ. ಅದೂ ತುಂಬಾ ಕುಸಿದಿದ್ದರೆ ರಂಧ್ರದ ಬಾಯಿಗಳೂ ಮುಚ್ಚಿಹೋಗಿವೆ ಅಂತಲೇ ತಿಳಿಯಬೇಕು.

ಉತ್ಪನ್ನ ಅಳೆಯುವ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೊಗ್ರಾಫ್) ವ್ಯಾಕ್ಸ್ ಎಂಬ ಪೋಲಾರ್ ಕಾಲಮ್ಮೇ ಬೇಕು. ಮಾಮೂಲಿ ನಾನ್‌ಪೋಲಾರ್ ಕಾಲಮ್‌ನಲ್ಲಿ ಮೆಟಾ ಮತ್ತು ಪ್ಯಾರಾ ಒಂದೇ ಪೀಕ್ ಆಗಿ ಬರುತ್ತವೆ, ಆಮೇಲೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಪದರ ಹಾಕಿದ ಮೇಲೆ ಟೊಲುಯೀನ್ ಪರಿವರ್ತನೆ (ಅದರಲ್ಲಿ ಎಷ್ಟು ಪಾಲು ಕ್ರಿಯೆಗೊಳಗಾಯಿತು ಅನ್ನುವುದು) ಇಳಿಯುತ್ತದೆ, ಮತ್ತು ಪರಿವರ್ತನೆ ಕಡಿಮೆ ಇದ್ದಾಗ ಪ್ಯಾರಾ ಪಾಲು ತಾನಾಗಿಯೇ ಜಾಸ್ತಿ ಕಾಣುತ್ತದೆ, ಯಾಕೆಂದರೆ ಅದು ಮೆಟಾ ಆಗಲು ಸಮಯವೇ ಸಿಕ್ಕಿರುವುದಿಲ್ಲ. ಹಾಗಿದ್ದಾಗ ಸಿಲಿಕಾದಿಂದ ಬಂದ ಲಾಭ ಎಷ್ಟು, ಸುಮ್ನೆ ಪರಿವರ್ತನೆ ಇಳಿದದ್ದರಿಂದ ಬಂದದ್ದು ಎಷ್ಟು ಅಂತ ಹೇಗೆ ಹೇಳ್ತೀರಿ? ನಾನು ತಾಪ, ಒತ್ತಡ, ಟೊಲುಯೀನ್ ಜೊತೆ ಹಾಯಿಸುವ ಹೈಡ್ರೋಜನ್ ಅನುಪಾತ ಎಲ್ಲ ಹಾಗೇ ಇಟ್ಟು, ಹರಿವಿನ ವೇಗ ಮಾತ್ರ ಬದಲಿಸಿ, ಪದರ ಇಲ್ಲದ್ದನ್ನೂ ಇರುವುದನ್ನೂ ಒಂದೇ ಪರಿವರ್ತನೆಗೆ ತಂದು ಹೋಲಿಸಿದೆ. ವ್ಯತ್ಯಾಸ ಆಗಲೂ ಉಳಿಯಿತು, ಆಮೇಲೆಯೇ ನಂಬಿದೆ.

ಕೋಕ್ (ಇಂಗಾಲದ ಪೊರೆ) ಕೂರಿಸಿಯೂ ಹೊರಮೈ ಮುಚ್ಚಬಹುದು, ಆದರೆ ಗಾಳಿಯಲ್ಲಿ ಸುಟ್ಟು ಕ್ಯಾಟಲಿಸ್ಟ್‌ಗೆ ಮರುಜೀವ ಕೊಟ್ಟಾಗ ಅದು ಹೋಗಿಬಿಡುತ್ತದೆ, ಮತ್ತೆ ಕೂರಿಸಬೇಕು. ಸಿಲಿಕಾ ಸುಡುವುದಿಲ್ಲ. ಅದಕ್ಕೇ ನನ್ನ ಒಲವು ಸಿಲಿಕಾ ಕಡೆಗೆ. ಹಾಗಿದ್ದರೂ ಪ್ರತಿ ಸಲ ಸುಟ್ಟ ಮೇಲೆ ಅದೇ ಪರಿವರ್ತನೆಯಲ್ಲಿ ಪ್ಯಾರಾ ಪಾಲು ಮತ್ತೊಮ್ಮೆ ಅಳೆಯಿರಿ.