ಕೆಟ್ಟಿರುವುದು ಅಡಾಪ್ಟರಾ, ಸಾಧನವಾ? ಮನೆಯಲ್ಲೇ ಹೀಗೆ ಕಂಡುಹಿಡಿಯಿರಿ

ರೌಟರ್ ಆಗಲಿ ಲ್ಯಾಪ್‌ಟಾಪ್ ಆಗಲಿ, ಇದ್ದಕ್ಕಿದ್ದಂತೆ ಆನ್ ಆಗುವುದು ನಿಂತರೆ ತಕ್ಷಣ ಹೊಸ ಅಡಾಪ್ಟರ್ ತರಲು ಹೋಗಬೇಡಿ. ಸಾಧನವೇ ಹೋಯಿತು ಅಂತ ಮೂಲೆಗೆ ಎಸೆಯುವುದೂ ಬೇಡ. ತೊಂದರೆ ಯಾವುದರಲ್ಲಿದೆ ಅಂತ ಹೆಚ್ಚಿನ ಸಲ ನಾವೇ ನೋಡಿಕೊಳ್ಳಬಹುದು. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ: ಲೈಟ್ ಉರಿಯುತ್ತಿದೆ ಅಂದ ಮಾತ್ರಕ್ಕೆ ಅಡಾಪ್ಟರ್ ಚೆನ್ನಾಗಿದೆ ಅಂತಲ್ಲ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಲ್ಲಿ ಸರಿಯಾದ ಅಂಕಿ ಬಂದರೂ ಅಷ್ಟೇ. ಸಾಧನ ಕರೆಂಟ್ ಎಳೆಯಲು ಶುರು ಮಾಡಿದಾಗ ಅಡಾಪ್ಟರ್ ತಡೆದುಕೊಳ್ಳುತ್ತದಾ ಅನ್ನುವುದೇ ನಿಜವಾದ ಪರೀಕ್ಷೆ.

ಮೊದಲು ಸಾಕೆಟ್. ಅದೇ ಸಾಕೆಟ್‌ಗೆ ಬೇರೇನಾದರೂ ಹಾಕಿ ನೋಡಿ. ಗೋಡೆಯಿಂದ ಅಡಾಪ್ಟರಿಗೆ ಬರುವ ವೈರು ಬಿಚ್ಚಲು ಬರುವಂಥದ್ದಾದರೆ ಗಟ್ಟಿಯಾಗಿ ಒತ್ತಿ ಹಾಕಿ, ಸಾಧ್ಯವಾದರೆ ಬೇರೆ ವೈರು ಹಾಕಿ.

ಈಗ ಸಾಧನದಿಂದ ಪಿನ್ ತೆಗೆದು ಅಡಾಪ್ಟರನ್ನು ಮಾತ್ರ ಆನ್ ಮಾಡಿ. ಲೈಟ್ ಇರುವ ಅಡಾಪ್ಟರ್ ಆಗಿದ್ದು ಉರಿಯದಿದ್ದರೆ ತೊಂದರೆ ಅಲ್ಲೇ ಇದೆ. ಉರಿದರೆ ಪಿನ್ ಸಾಧನಕ್ಕೆ ಹಾಕಿ. ಹಾಕಿದ ತಕ್ಷಣ ಲೈಟ್ ಆರಿದರೆ ಅಥವಾ ಮಿಣುಕಿದರೆ ಎರಡು ಕಾರಣ ಇರಬಹುದು: ಸಾಧನದೊಳಗೆ ಶಾರ್ಟ್ ಆಗಿ ಅಡಾಪ್ಟರ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿದೆ, ಇಲ್ಲವೇ ಅಡಾಪ್ಟರಿಗೇ ಶಕ್ತಿ ಉಳಿದಿಲ್ಲ. ಅದೇ ಥರದ ಅಡಾಪ್ಟರ್ ಬಳಸುವ ಇನ್ನೊಂದು ಸಾಧನಕ್ಕೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಕೆಲಸ ಮಾಡಿದರೆ ಕೆಟ್ಟಿರುವುದು ಹೆಚ್ಚಾಗಿ ಮೊದಲಿನ ಸಾಧನ. ಆದರೆ ಪ್ರತಿ ಪರೀಕ್ಷೆಗೂ ಮೊದಲು ಅಡಾಪ್ಟರನ್ನು ಗೋಡೆಯಿಂದ ತೆಗೆದು ಒಂದೆರಡು ನಿಮಿಷ ಬಿಡಿ. ಕೆಲವು ಅಡಾಪ್ಟರ್‌ಗಳು ಒಮ್ಮೆ ಬಂದ್ ಆದರೆ ಪ್ಲಗ್ ತೆಗೆಯುವವರೆಗೂ ಹಾಗೇ ಇರುತ್ತವೆ, ಚೆನ್ನಾಗಿರುವುದನ್ನೇ ಕೆಟ್ಟಿದೆ ಅಂದುಕೊಂಡುಬಿಡುತ್ತೇವೆ.

ವೈರು ಒಳಗೇ ತುಂಡಾಗುವುದು ಸಾಮಾನ್ಯವಾಗಿ ಎರಡು ಜಾಗದಲ್ಲಿ: ಪಿನ್ನಿನ ಬುಡದಲ್ಲಿ, ಮತ್ತು ಡಬ್ಬಿಯಿಂದ ವೈರು ಹೊರಗೆ ಬರುವ ಕಡೆ. ಅಲ್ಲಾಡಿಸಿದಾಗ ಕರೆಂಟ್ ಬಂದು ಹೋಗಿ ಮಾಡಿದರೆ ಎಲ್ಲರೂ ವೈರನ್ನೇ ಬೈಯುತ್ತಾರೆ, ಆದರೆ ಸಾಧನದ ಜ್ಯಾಕ್, ಅಂದರೆ ಪಿನ್ ಕೂರುವ ತೂತು, ಸಡಿಲವಾಗಿದ್ದರೂ ಹೀಗೇ ಆಗುತ್ತದೆ ಅಲ್ವಾ? ಹಾಗಾಗಿ ಒಂದು ಕೈಯಲ್ಲಿ ಪಿನ್ ಸ್ವಲ್ಪವೂ ಅಲುಗದಂತೆ ಹಿಡಿದು ಇನ್ನೊಂದು ಕೈಯಿಂದ ವೈರನ್ನು ಮಾತ್ರ ಬಗ್ಗಿಸಿ. ಆಗ ಕರೆಂಟ್ ಹೋದರೆ ವೈರು. ವೈರು ಸುಮ್ನೆ ಬಿಟ್ಟು ಪಿನ್ ತಿರುಗಿಸಿದಾಗ ಹೋದರೆ ಹೆಚ್ಚಾಗಿ ಜ್ಯಾಕ್.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅಡಾಪ್ಟರ್ ಮೇಲೆ ಔಟ್‌ಪುಟ್ ಡಿಸಿ ಅಂತ ಇದೆಯಾ ನೋಡಿ, ಮೀಟರನ್ನು ಡಿಸಿ ವೋಲ್ಟೇಜ್‌ಗೆ ಇಡಿ. ಕೆಂಪು ವೈರು ಮೀಟರಿನ 10 ಆಂಪಿಯರ್ ತೂತಿನಲ್ಲಿ ಇರಲೇಬಾರದು, ಇದ್ದರೆ ನೇರ ಶಾರ್ಟ್ ಆಗುತ್ತದೆ. 19.5 ವೋಲ್ಟ್ ಅಡಾಪ್ಟರಿಗೆ 20ರ ರೇಂಜ್ ಸಾಲದೆ ಹೋಗಬಹುದು, 200ಕ್ಕೆ ಇಡಿ. ದುಂಡನೆಯ ಪಿನ್ ಆದರೆ ಕೆಂಪು ತುದಿ ಒಳಗೆ, ಕಪ್ಪು ಹೊರಗೆ. ಪಿನ್ನಿನ ಒಳಭಾಗ, ಹೊರಭಾಗ ಎರಡನ್ನೂ ಒಂದೇ ತುದಿ ಮುಟ್ಟಬಾರದು. ಮೈನಸ್ ತೋರಿಸಿದರೆ ಪೊಲಾರಿಟಿ (ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಅನ್ನುವುದು) ಉಲ್ಟಾ ಇದೆ ಅಂತ, ಲೇಬಲ್ ಮೇಲಿನ ಚಿತ್ರದ ಜೊತೆ ಹೋಲಿಸಿ. 12 ವೋಲ್ಟ್ ಅಂತ ಬರೆದಿದ್ದು 12ರ ಆಸುಪಾಸು ಬಂದರೆ ಸರಿ. ಹಳೆಯ ಕಾಲದ ಭಾರವಾದ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಆದರೆ ಲೋಡ್ ಇಲ್ಲದಾಗ, ಅಂದರೆ ಸಾಧನ ಕರೆಂಟ್ ಎಳೆಯದಿರುವಾಗ, 16 ತೋರಿಸಬಹುದು, ಅದು ದೋಷವಲ್ಲ. ಸೊನ್ನೆ ಬಂದರೆ ಅಥವಾ ಅಂಕಿ ಒಂದೇ ಸಮ ಏರಿಳಿದರೆ ಅಡಾಪ್ಟರ್ ಕೆಟ್ಟಿದೆ.

ಮೀಟರಿನಲ್ಲಿ 12 ಬರುತ್ತದೆ, ಆದರೂ ರೌಟರ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ ಅಂದರೆ? ಅಡಾಪ್ಟರ್ ಒಳಗಿನ ಕೆಪಾಸಿಟರ್ (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಭಾಗ) ಸೊರಗಿದ್ದರೆ ಹೀಗಾಗುತ್ತದೆ. ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಇಲ್ಲಿ ಬೇರೆ ಅಡಾಪ್ಟರ್ ಹಾಕಿ ನೋಡುವುದೇ ಸುಲಭದ ದಾರಿ. ವೋಲ್ಟ್ ಅಷ್ಟೇ ಇರಬೇಕು, ಪೊಲಾರಿಟಿ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಆಂಪಿಯರ್ ಜಾಸ್ತಿ ಇದ್ದರೆ ಸಾಧನ ಸುಡುತ್ತದೆ ಅನ್ನುವುದು ಸುಳ್ಳು, ಅದು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಪಿನ್ ಅಳತೆಯನ್ನೂ ನೋಡಿ: ಹೊರಗೆ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲಿ ಒಳತೂತು 2.1 ಇರುತ್ತದೆ, 2.5 ಕೂಡ ಇರುತ್ತದೆ. ನೋಡಲು ಒಂದೇ ಥರ, ಆದರೆ 2.5ರದ್ದು 2.1ರ ಜ್ಯಾಕಿನಲ್ಲಿ ಸಡಿಲವಾಗಿ ಕೂರುತ್ತದೆ.

ಡೆಲ್, ಎಚ್‌ಪಿ ಥರದ ಕೆಲವು ಲ್ಯಾಪ್‌ಟಾಪ್ ಅಡಾಪ್ಟರ್‌ಗಳಲ್ಲಿ ನಡುವೆ ಒಂದು ಸಣ್ಣ ಪಿನ್ ಇರುತ್ತದೆ. ಅಡಾಪ್ಟರ್ ಯಾವುದು ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಬಾಗಿದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗದೆ ಇರಬಹುದು.

ಟೈಪ್-ಸಿ ಚಾರ್ಜರ್ ಆದರೆ ಬರೀ ಮೀಟರ್ ನಂಬಬೇಡಿ. ಸಿ ಪೋರ್ಟ್ ಇರುವ ಚಾರ್ಜರ್, ಸಾಧನ ಸಿಕ್ಕಿಸುವವರೆಗೆ ವೋಲ್ಟೇಜ್ ಕೊಡುವುದಿಲ್ಲ. ಸಿಕ್ಕಿಸಿದ ಮೇಲೆ ಮೊದಲು 5 ವೋಲ್ಟ್, ಆಮೇಲೆ ಸಾಧನ ಕೇಳಿದಂತೆ 9, 15, 20. ಮೊದಲು ಕೇಬಲ್ ಬದಲಿಸಿ ನೋಡಿ. 60 ವ್ಯಾಟಿಗಿಂತ ಜಾಸ್ತಿ ಬೇಕಾದರೆ 5 ಆಂಪಿಯರ್ ಕೇಬಲ್ಲೇ ಬೇಕು.

ಚೆನ್ನಾಗಿರುವ ಅಡಾಪ್ಟರ್ ಹಾಕಿದರೂ ಜೀವ ಬರದಿದ್ದರೆ ಟಾರ್ಚ್ ಹಿಡಿದು ಜ್ಯಾಕ್ ಒಳಗೆ ಧೂಳು, ಬಾಗಿದ ಪಿನ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಆದರೆ ಅಡಾಪ್ಟರ್ ತೆಗೆದು, ಬಿಚ್ಚಲು ಬರುವಂತಿದ್ದರೆ ಬ್ಯಾಟರಿಯನ್ನೂ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಬರೀ ಅಡಾಪ್ಟರ್ ಮೇಲೆ ಆನ್ ಮಾಡಿ. ಬ್ಯಾಟರಿ ಇಲ್ಲದೆ ಆನ್ ಆದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ.

ಸುಟ್ಟ ವಾಸನೆ ಬಂದರೆ ಎಲ್ಲ ನಿಲ್ಲಿಸಿ ಪ್ಲಗ್ ತೆಗೆಯಿರಿ. ಅಡಾಪ್ಟರ್ ಡಬ್ಬಿಯನ್ನು ದಯವಿಟ್ಟು ಒಡೆಯಬೇಡಿ. 230 ವೋಲ್ಟ್ ಕರೆಂಟಿನಲ್ಲಿ ನಡೆಯುವ ಅಡಾಪ್ಟರಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಸಾಧನವನ್ನೇ ರಿಪೇರಿಗೆ ಕೊಡಬೇಕಾಗಿ ಬಂದರೆ ಏನೇನು ಪರೀಕ್ಷೆ ಮಾಡಿದಿರಿ ಅಂತ ಹೇಳಿ, ಬೋರ್ಡ್ ಬದಲಿಸುವ ಮಾತಿಗೆ ಮೊದಲು ಜ್ಯಾಕ್ ಒಂದನ್ನೇ ಬದಲಿಸಲು ಆಗುತ್ತದಾ ಅಂತ ಕೇಳಿ.