ಒಮ್ಮುಖವಾಗದ ಬಿರುಕಿನ ಹಿಂದೆ ಹದಿನಾಲ್ಕು ತಿಂಗಳು

ಕೊನೆಗೂ ಬಿರುಕು ನಡುವಿನ ರಂಧ್ರಕ್ಕೆ ಹೋಗಿ ಸೇರಿತು. ಮೂರು ರಂಧ್ರಗಳ ಪಿಎಂಎಂಎ (ಅಕ್ರಿಲಿಕ್ ಪ್ಲಾಸ್ಟಿಕ್) ತೊಲೆಯನ್ನು ಮುರಿತದ ಲೆಕ್ಕ ಮಾಡುವವರೆಲ್ಲ ಬಲ್ಲರು. ಆರಂಭದ ಸೀಳನ್ನು ಸ್ವಲ್ಪ ಸರಿಸಿದರೂ ಬಿರುಕಿನ ದಾರಿ ಬದಲಾಗುತ್ತದೆ. ಬಿರುಕನ್ನು ಚೂಪು ಗೆರೆಯಾಗಿ ಅಲ್ಲದೆ, ಸೊನ್ನೆಯಿಂದ ಒಂದರವರೆಗೆ ಏರುವ ‘ಹಾನಿ’ಯ ಪಟ್ಟಿಯಾಗಿ ಕಾಣುವ ನನ್ನ ಫೇಸ್ ಫೀಲ್ಡ್ ಕೋಡ್‌ಗೆ ಆ ದಾರಿ ಸಿಕ್ಕಲು ಹದಿನಾಲ್ಕು ತಿಂಗಳು ಬೇಕಾಯಿತು. ಈಗ ಅದೇ ಹದಿನಾರು ಕೋರ್‌ಗಳ ಹಳೆಯ ಯಂತ್ರದಲ್ಲಿ, ಒಂಬತ್ತು ದಿನ ಹಿಡಿಯುತ್ತಿದ್ದ ಲೆಕ್ಕ ಒಂದೂಕಾಲು ದಿನದಲ್ಲಿ ಮುಗಿಯುತ್ತಿದೆ. ಇದು ಆಗುವ ಕೆಲಸವಲ್ಲ ಎಂದವರು ಕೆಲವರಿದ್ದರು. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಸ್ಥಾನಪಲ್ಲಟ (ಪ್ರತಿ ಬಿಂದು ಸರಿದ ದೂರ) ಮತ್ತು ಹಾನಿ ಎರಡನ್ನೂ ಒಟ್ಟಿಗೆ, ಇಳಿಜಾರು ನೋಡಿ ಉತ್ತರದತ್ತ ಸಾಗುವ ನ್ಯೂಟನ್ ವಿಧಾನಕ್ಕೆ ಒಪ್ಪಿಸಿದೆ. ಎರಡೂ ಸೇರಿದಾಗ ಶಕ್ತಿಯ ಮೇಲ್ಮೈ ಉಬ್ಬುತಗ್ಗುಗಳಿಂದ ತುಂಬಿರುತ್ತದೆ ಎಂಬುದು ಗೊತ್ತಿದ್ದೂ, ಪ್ರತಿ ಸಲ ಎಷ್ಟು ದೂರ ಸಾಗಬೇಕೆಂದು ಹುಡುಕುವ ಲೈನ್ ಸರ್ಚ್ ಸೇರಿಸಿದರೆ ದಾಟಿಬಿಡಬಹುದು ಎಂದುಕೊಂಡಿದ್ದೆ. ಬಿರುಕು ಓಡಲು ತೊಡಗಿದ ಕ್ಷಣದಲ್ಲಿ ಹೊರೆ ಏರಿಸುವ ಹೆಜ್ಜೆ ಕಿರಿದಾಗುತ್ತಾ ಹೋಗಿ 10⁻⁹ ಮಿಲಿಮೀಟರ್‌ಗೆ ಬಂದು ಲೆಕ್ಕ ನಿಂತುಬಿಡುತ್ತಿತ್ತು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಆಮೇಲೆ ಎಲ್ಲರೂ ಮಾಡುವಂತೆ ಸರದಿಯ ವಿಧಾನಕ್ಕೆ ಬಂದೆ: ಹಾನಿಯನ್ನು ಹಿಡಿದಿಟ್ಟು ಸ್ಥಾನಪಲ್ಲಟ, ಅದನ್ನು ಹಿಡಿದಿಟ್ಟು ಹಾನಿ, ಪ್ರತಿ ಹೆಜ್ಜೆಗೆ ಒಂದೇ ಸುತ್ತು, ಹೆಜ್ಜೆ ಮಾತ್ರ ಅತಿ ಸಣ್ಣದು. ಒಂದು ಮಿಲಿಮೀಟರ್ ಚೌಕದ ಪಕ್ಕ ಸೀಳಿನ ಪರೀಕ್ಷೆಯಲ್ಲಿ, ಅಂದರೆ ಸ್ಥಿತಿಸ್ಥಾಪಕ ಗುಣಾಂಕ 210 ಗಿಗಾಪಾಸ್ಕಲ್, ಮುರಿತ ಶಕ್ತಿ ಮಿಲಿಮೀಟರ್‌ಗೆ 2.7 ನ್ಯೂಟನ್ ಎಂಬ ಆ ಹಳೆಯ ಲೆಕ್ಕದಲ್ಲಿ, 10⁻⁶ ಮಿಲಿಮೀಟರ್ ಹೆಜ್ಜೆಗೆ ಹೊರೆ-ಸ್ಥಾನಪಲ್ಲಟದ ರೇಖೆ ಅಂದವಾಗಿ ಬಂತು. ಅದೇ ನನ್ನನ್ನು ದಾರಿ ತಪ್ಪಿಸಿತು. ತೊಲೆಯಲ್ಲಿ ಬಿರುಕು ಹೊರೆಯ ಹಿಂದೆ ತಡವಾಗಿ ಬರುತ್ತಿತ್ತು, ಗರಿಷ್ಠ ಹೊರೆ ಶೇಕಡಾ ಹನ್ನೆರಡರಷ್ಟು ಮೇಲಿತ್ತು. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿದೆ, ಉತ್ತರ ಬದಲಾಯಿತು. ಮತ್ತೆ ಅರ್ಧಕ್ಕೆ ಇಳಿಸಿದೆ, ಮತ್ತೆ ಬದಲಾಯಿತು. ಆಗಲೂ ಕೋಡ್ ಮೇಲೆ ಅನುಮಾನ ಪಡದೆ ಬಾಡಿಗೆ ಯಂತ್ರಗಳ ಮೊರೆ ಹೋದೆ.

ಹಣ ಸೋರಿದ್ದು ಅಲ್ಲಿಯೇ. ಸುಮಾರು 40 ಸಾವಿರ ಕೋರ್ ಗಂಟೆ ಸುಟ್ಟೆ. ಎರಡು ವರ್ಷಕ್ಕೆಂದು ಅನುದಾನದಲ್ಲಿ ಎತ್ತಿಟ್ಟಿದ್ದ ಮೊತ್ತದ ಮೂರನೇ ಎರಡು ಭಾಗ ಏಳು ತಿಂಗಳಲ್ಲಿ ಮುಗಿಯಿತು. ಅದರಲ್ಲಿ ಗಣನೆಗೆ ಹೋದದ್ದು ಒಂದು ಪಾಲಾದರೆ, ಸಂಗ್ರಹಕ್ಕೆ ಹೋದದ್ದು ನಾನು ಗಮನಿಸದೇ ಬಿಟ್ಟ ಇನ್ನೊಂದು ಪಾಲು. ಪ್ರತಿ ಹೆಜ್ಜೆಯಲ್ಲೂ ಎಲ್ಲ ಕ್ಷೇತ್ರಗಳನ್ನು ಬರೆದಿಡುತ್ತಿದ್ದೆ. ಮೂರು ಟೆರಾಬೈಟ್ ಆಗಿತ್ತು, ಯಂತ್ರ ನಿಲ್ಲಿಸಿದ ಮೇಲೂ ಅದರ ಬಾಡಿಗೆ ಓಡುತ್ತಲೇ ಇತ್ತು. ಈಗ ಐವತ್ತು ಹೆಜ್ಜೆಗೊಮ್ಮೆ ಮಾತ್ರ ಕ್ಷೇತ್ರಗಳನ್ನು ಬರೆಯುತ್ತೇನೆ. ಶಕ್ತಿ, ಪ್ರತಿಕ್ರಿಯಾ ಬಲ, ಸುತ್ತುಗಳ ಸಂಖ್ಯೆ ಇವಿಷ್ಟನ್ನು ಪ್ರತಿ ಹೆಜ್ಜೆಗೂ ಸಾದಾ ಪಠ್ಯ ಕಡತಕ್ಕೆ ಹಾಕುತ್ತೇನೆ. ಆ ಪುಟ್ಟ ಕಡತವೇ ಮುಂದೆ ನನ್ನನ್ನು ಉಳಿಸಿತು.

ಇನ್ನೊಂದು ತಪ್ಪನ್ನು ತೋರಿಸಿದವರು ಪ್ರಯೋಗ ಮಾಡುವ ಸಹೋದ್ಯೋಗಿ. ಬಿರುಕು ನುಂಗುವ ಶಕ್ತಿಯನ್ನು ಬಿರುಕಿನ ಉದ್ದದಿಂದ ಭಾಗಿಸಿ ನೋಡಿ ಎಂದರು. ನಾನು ಕೊಟ್ಟ ಮುರಿತ ಶಕ್ತಿಗಿಂತ ಕಾಲು ಭಾಗ ಹೆಚ್ಚು ಬಂತು. ನಾನು ಬಳಸುತ್ತಿದ್ದ ಎಟಿ2 ಎಂಬ ಹಾನಿ ಮಾದರಿಯಲ್ಲಿ, ಜಾಲದ (ತೊಲೆಯನ್ನು ಒಡೆದ ಸಣ್ಣ ತ್ರಿಕೋನಗಳ) ಅಳತೆಯನ್ನು ಆಂತರಿಕ ಉದ್ದದ (ಹಾನಿಯ ಪಟ್ಟಿಯ ಅಗಲವನ್ನು ನಿರ್ಧರಿಸುವ ಉದ್ದದ) ಎರಡರಷ್ಟರಿಂದ ಭಾಗಿಸಿದಷ್ಟು ಹೆಚ್ಚಳ ಸೇರಿಕೊಳ್ಳುತ್ತದೆ ಎಂಬುದನ್ನು ಓದಿದ್ದೆ, ಮರೆತಿದ್ದೆ. ನನ್ನ ಜಾಲ ಆಂತರಿಕ ಉದ್ದದ ಅರ್ಧದಷ್ಟಿತ್ತು, ಲೆಕ್ಕ ಸರಿಯಾಗಿ ಶೇಕಡಾ 25. ಈಗ ಐದನೇ ಒಂದು ಭಾಗಕ್ಕೆ ಇಳಿಸಿದ್ದೇನೆ, ಉಳಿದದ್ದನ್ನು ಮುರಿತ ಶಕ್ತಿಯಲ್ಲೇ ಕಳೆಯುತ್ತೇನೆ.

ಆಂತರಿಕ ಉದ್ದದ ಆಯ್ಕೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಟಿ2ರಲ್ಲಿ ಮೊದಲ ಹೊರೆಯಿಂದಲೇ ಹಾನಿ ಶುರುವಾಗುವುದರಿಂದ ಒಂದು ಮಿತಿ ದಾಟಿದ ಮೇಲಷ್ಟೇ ಹಾನಿ ತೊಡಗುವ ಎಟಿ1 ಮಾದರಿಗೆ ಬದಲಾಗಿದ್ದೆ. ಅದರಲ್ಲಿ ಬಲದ ಮಿತಿಯ ವರ್ಗವೆಂದರೆ ಸ್ಥಿತಿಸ್ಥಾಪಕ ಗುಣಾಂಕ ಮತ್ತು ಮುರಿತ ಶಕ್ತಿಗಳ ಗುಣಲಬ್ಧದ ಮೂರು ಪಟ್ಟನ್ನು ಆಂತರಿಕ ಉದ್ದದ ಎಂಟರಷ್ಟರಿಂದ ಭಾಗಿಸಿದ್ದು. ಪಿಎಂಎಂಎಗೆ ಸುಮಾರು 3 ಗಿಗಾಪಾಸ್ಕಲ್, ಚದರ ಮೀಟರ್‌ಗೆ 300 ಜೂಲ್, 70 ಮೆಗಾಪಾಸ್ಕಲ್ ಹಾಕಿದರೆ ಆಂತರಿಕ ಉದ್ದ 0.07 ಮಿಲಿಮೀಟರ್ ಬರುತ್ತದೆ. ಅರ್ಧ ಮೀಟರಿನಷ್ಟು ಉದ್ದದ ತೊಲೆಗೆ ಅಂಥ ಜಾಲ ನನ್ನ ಕೈಗೆ ಎಟುಕುವಂಥದ್ದಲ್ಲ. ಒಂದು ಮಿಲಿಮೀಟರ್ ಇಟ್ಟುಕೊಂಡೆ. ಆಗ ಮಾದರಿಯ ಬಲ 18 ಮೆಗಾಪಾಸ್ಕಲ್‌ಗೆ ಕುಸಿಯುತ್ತದೆ. ಆದರೆ ಉದ್ದನೆಯ ಸೀಳಿನಿಂದ ಹೊರಡುವ ಬಿರುಕಿನ ವಿಷಯದಲ್ಲಿ ತೀರ್ಪು ಕೊಡುವುದು ಮುರಿತ ಶಕ್ತಿ, ಹಾಗಾಗಿ ರಂಧ್ರ ಮುಟ್ಟುವ ತನಕ ಇದು ನಡೆಯುತ್ತದೆ. ರಂಧ್ರದ ಆಚೆ ಬದಿಯಲ್ಲಿ ಹೊಸ ಬಿರುಕು ಹುಟ್ಟುವ ಹೊರೆಯನ್ನು ಈ ಲೆಕ್ಕದಿಂದ ಹೇಳಬಾರದು, ನಾನು ಹೇಳುವುದೂ ಇಲ್ಲ.

ಗೆದ್ದದ್ದು ಹೀಗೆ. ಒಂದೇ ಸುತ್ತಿನ ಪದ್ಧತಿಯನ್ನು ಕೈಬಿಟ್ಟು, ಹಾನಿಯ ಬದಲಾವಣೆ 10⁻⁴ಕ್ಕಿಂತ ಕಡಿಮೆಯಾಗುವವರೆಗೆ ಸುತ್ತಲು ಬಿಟ್ಟೆ, ಸುತ್ತುಗಳಿಗೆ ಮಿತಿಯನ್ನೇ ಹಾಕಲಿಲ್ಲ. ಉತ್ತರ ಹೆಜ್ಜೆಯ ಮೇಲೆ ಅವಲಂಬಿಸುವುದು ನಿಂತಿತು. ಆದರೆ ಬಿರುಕು ಹಾರುವ ಒಂದೇ ಹೆಜ್ಜೆಗೆ 2,300 ಸುತ್ತು. ಅದಕ್ಕೆ ಆ್ಯಂಡರ್ಸನ್ ವೇಗವರ್ಧನೆ ಸೇರಿಸುತ್ತೇನೆ ಎಂದಾಗ ನಮ್ಮ ಗುಂಪಿನ ಹಿರಿಯರೊಬ್ಬರು, "ಹಿಂದಿನ ಸುತ್ತುಗಳನ್ನು ಬೆರೆಸಿ ಮುಂದಕ್ಕೆ ಹಾರಿದರೆ ಬಿರುಕು ವಾಸಿಯಾಗಿಬಿಡುತ್ತದೆ, ನೋಡುತ್ತಿರಿ" ಎಂದರು. ಮೊದಲ ವಾರ ಅವರು ಹೇಳಿದಂತೆಯೇ ಆಯಿತು.

ಪರಿಹಾರ ಎರಡು ಕಡೆಯಿಂದ ಬಂತು. ಗರಿಷ್ಠ ಶಕ್ತಿಯನ್ನು ನೆನಪಿಡುವ ಇತಿಹಾಸ ಚರವನ್ನು ತೆಗೆದುಹಾಕಿದೆ. ಅದು ಇರುವವರೆಗೆ ಒಟ್ಟು ಶಕ್ತಿ ಇಳಿಯಲೇಬೇಕೆಂಬ ಖಾತರಿ ಇರುವುದಿಲ್ಲ. ಬದಲಿಗೆ ಪೆಟ್‌ಎಸ್‌ಸಿ ಎಂಬ ಗಣಿತ ತಂತ್ರಾಂಶದ ಮಿತಿಸಹಿತ ಸಾಲ್ವರ್ (ಸಮೀಕರಣ ಬಿಡಿಸುವ ಭಾಗ) ಹಾಕಿ, ಹಿಂದಿನ ಹೆಜ್ಜೆಯ ಹಾನಿಯನ್ನೇ ಕೆಳಮಿತಿ ಮಾಡಿದೆ. ಬೆರೆಸಿದ ಮೇಲೂ ಅದೇ ಮಿತಿಗೆ ಕತ್ತರಿಸುತ್ತೇನೆ. ಎರಡನೆಯದಾಗಿ, ವೇಗವರ್ಧನೆಯ ನಂತರ ಶಕ್ತಿ ಇಳಿಯದಿದ್ದರೆ ಆ ಹಾರಿಕೆಯನ್ನು ಎಸೆದು ಸಾದಾ ಸುತ್ತಿಗೆ ಮರಳುತ್ತೇನೆ. ಸಾದಾ ಸುತ್ತಿನಲ್ಲಿ ಶಕ್ತಿ ಎಂದೂ ಏರದು, ಆದ್ದರಿಂದ ನೆಲ ಗಟ್ಟಿಯಾಗಿರುತ್ತದೆ. ಐದು ಸುತ್ತುಗಳ ನೆನಪು ಸಾಕು, ಹತ್ತಕ್ಕೆ ಏರಿಸಿದರೆ ಎಸೆಯುವ ಹಾರಿಕೆಗಳೇ ಹೆಚ್ಚಾಗುತ್ತವೆ. 2,300 ಇದ್ದದ್ದು ಈಗ ಸುಮಾರು 350. ನೆನಪನ್ನು ಯಾವಾಗ ಅಳಿಸಿ ಹೊಸದಾಗಿ ಶುರುಮಾಡಬೇಕು ಎಂಬ ಒಂದು ಗುಟ್ಟಿದೆ. ಉಳಿತಾಯದ ಅರ್ಧ ಪಾಲು ಅದರದೇ. ಲೇಖನ ಅಚ್ಚಾಗುವವರೆಗೆ ಅದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಸುತ್ತುಗಳ ಆ ಪಠ್ಯ ಕಡತವನ್ನು ನಿಮ್ಮ ಲೆಕ್ಕದಲ್ಲಿ ಚಿತ್ರಿಸಿ ನೋಡಿ, ಸುಳಿವು ಅಲ್ಲಿಯೇ ಇದೆ.

ನಡುವೆ ಬೇರೆ ದಾರಿಗಳಲ್ಲೂ ಅಲೆದೆ. ಗ್ರಾಫಿಕ್ಸ್ ಕಾರ್ಡ್ ಮೇಲೆ 32 ಬಿಟ್ ಸಂಖ್ಯೆಗಳಲ್ಲಿ ಓಡಿಸಿದೆ. ಮುರಿದ ಭಾಗಕ್ಕೆ ನಾನು ಬಿಟ್ಟಿದ್ದ ಶೇಷ ಬಿಗಿತ 10⁻⁷, ಆ ಸಂಖ್ಯೆಗಳ ನಿಖರತೆಯೂ ಏಳು ಅಂಕಿಗಳಷ್ಟೇ. ಬಿರುಕು ಪೂರ್ತಿ ತೆರೆದ ಕೂಡಲೇ ಸಾಲ್ವರ್ ತಡವರಿಸಿತು. ನರಜಾಲಕ್ಕೆ ಶಕ್ತಿಯನ್ನು ಕೊಟ್ಟು ಕನಿಷ್ಠಗೊಳಿಸಲು ಹೇಳಿ ಎರಡು ತಿಂಗಳು ನೋಡಿದೆ. ಅದು ಬಿರುಕನ್ನು ಹರಡಿ ಮಸುಕು ಮಾಡುತ್ತದೆ, ಈ ತೊಲೆಗೆ ಉಪಯೋಗವಿಲ್ಲ. ಉಪಯೋಗಕ್ಕೆ ಬಂದ ಒಂದು ಪರೀಕ್ಷೆಯೆಂದರೆ, ಜಾಲವನ್ನು ಸುಮಾರು ಇಪ್ಪತ್ತು ಡಿಗ್ರಿ ತಿರುಗಿಸಿ ಮತ್ತೆ ಓಡಿಸಿದ್ದು. ಬಿರುಕು ಅದೇ ದಾರಿಯಲ್ಲಿ ಹೋದಾಗ ಮಾತ್ರ ನಂಬಿದೆ. ಮೊದಲು ನಾನು ಬೇಕಾದ ದಾರಿಯಲ್ಲಷ್ಟೇ ಜಾಲ ನುಣುಪು ಮಾಡುತ್ತಿದ್ದೆ, ಆಗ ಬಿರುಕು ಜಾಲದ ಮಾತು ಕೇಳುತ್ತಿತ್ತು. ಈಗ ಮೂರೂ ರಂಧ್ರಗಳ ಸುತ್ತ ಒಂದೇ ಸಮ ನುಣುಪು, ಸುಮಾರು ಎಂಟು ಲಕ್ಷ ತ್ರಿಕೋನಗಳು.

ಹೊರೆ ಕೊಡುವ ರೋಲರ್‌ನ ಕೆಳಗೆ ಒತ್ತಡದಲ್ಲೇ ಹಾನಿ ಹುಟ್ಟುವ ತೊಂದರೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಗಾತ್ರ ಬದಲಿಸುವ ಮತ್ತು ಆಕಾರ ಬದಲಿಸುವ ಶಕ್ತಿಗಳನ್ನು ಬೇರ್ಪಡಿಸಿದ ಮೇಲೂ ಅಲ್ಲಿ ಒಂದು ಚುಕ್ಕೆ ಉಳಿಯಿತು. ಸದ್ಯಕ್ಕೆ ಆ ಅಂಶಗಳಲ್ಲಿ ಹಾನಿಯನ್ನು ಸೊನ್ನೆಗೆ ಕಟ್ಟಿಹಾಕಿದ್ದೇನೆ. ಬಿರುಕಿನ ತುದಿ ಅಲ್ಲಿಂದ ದೂರ ಇರುವುದರಿಂದ ದಾರಿ ಬದಲಾಗಿಲ್ಲ, ಎರಡೂ ರೀತಿ ಓಡಿಸಿ ನೋಡಿದ್ದೇನೆ. ಮುಂದಿನ ತಿಂಗಳು ಎಳೆತ, ಒತ್ತಡಗಳನ್ನು ಬೇರೆ ಮಾಡುವ ಮುಖ್ಯ ಪೀಡನಗಳ ವಿಭಜನೆ ಹಾಕಿ, ಆ ಕಟ್ಟು ಬಿಚ್ಚಿ ಮತ್ತೊಮ್ಮೆ ಓಡಿಸುತ್ತೇನೆ.