ದಸರಾ ರಜೆಗೆ ಯಾವ ಕಡಲು?

‘ಸ್ಕೂಬಾ ಡೈವಿಂಗಿಗೆ ಎಲ್ಲಿಗೆ ಹೋಗೋದು?’ ಅಂತ ಯಾರಾದರೂ ಕೇಳಿದರೆ ‘ಯಾವ ತಿಂಗಳು ರಜೆ?’ ಅಂತ ನಾನು ತಿರುಗಿ ಕೇಳುತ್ತೇನೆ. ಹವಳ, ಆಮೆ, ಮಾಂಟಾ ಎಂಬ ದೊಡ್ಡ ತೊರಕೆ ಮೀನು ಎಲ್ಲ ಆಮೇಲಿನ ಮಾತು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ದೊಡ್ಡ ರಜೆ ಅಂದರೆ ಬೇಸಿಗೆ ಮತ್ತು ದಸರಾ. ಆ ವಾರದಲ್ಲಿ ಎಲ್ಲಿಯ ನೀರು ತಿಳಿಯಾಗಿರುತ್ತದೋ ಅಲ್ಲಿಗೆ ಹೋಗಬೇಕು ಅಷ್ಟೆ.

ದಸರಾ ಬರುವುದು ಹೆಚ್ಚಾಗಿ ಅಕ್ಟೋಬರಿನಲ್ಲಿ. ಡೈವ್ ಮಾಡುವವರಿಗೆ ನಮ್ಮ ಸುತ್ತಮುತ್ತ ಇಷ್ಟು ಪೇಚಿನ ತಿಂಗಳು ಇನ್ನೊಂದಿಲ್ಲ. ನಾನು ಮೊದಲ ಸಲ ನೀರೊಳಗೆ ಉಸಿರಾಡಿದ್ದು ನೇತ್ರಾಣಿಯಲ್ಲಿ, ಹಾಗಾಗಿ ಮನಸ್ಸು ಮೊದಲು ಅಲ್ಲಿಗೇ ಓಡುತ್ತದೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ದ್ವೀಪ ಅದು. ಮಳೆಗಾಲದಲ್ಲಿ ಡೈವಿಂಗ್ ಪೂರ್ತಿ ಬಂದ್. ಅಕ್ಟೋಬರಿನಲ್ಲಿ ಬೋಟ್‌ಗಳು ಹೊರಟರೂ ನೀರು ಇನ್ನೂ ಕದಡಿಕೊಂಡೇ ಇರಬಹುದು. ಡಿಸೆಂಬರ್, ಜನವರಿಯಲ್ಲಾದರೆ ಅದೇ ಜಾಗದ ಚಂದವೇ ಬೇರೆ. ಅಂಡಮಾನಿನ ಹ್ಯಾವ್‌ಲಾಕ್, ಅಂದರೆ 2018ರಿಂದ ಸ್ವರಾಜ್ ದ್ವೀಪ, ಜನವರಿಯಿಂದ ಏಪ್ರಿಲ್‌ವರೆಗೆ ಸೊಗಸು. ಅಕ್ಟೋಬರಿನಲ್ಲಿ ಅಂಡಮಾನಿನ ಮಳೆ ಇನ್ನೂ ಮುಗಿದಿರುವುದಿಲ್ಲ, ಫೆರಿ ರದ್ದಾದರೆ ಇಡೀ ರಜೆಯೇ ಏರುಪೇರು. ಶ್ರೀಲಂಕಾದ್ದು ಇನ್ನೂ ತಮಾಷೆ. ಪೂರ್ವದ ಟ್ರಿಂಕೋಮಲಿಗೆ ಮೇಯಿಂದ ಸೆಪ್ಟೆಂಬರ್, ಪಶ್ಚಿಮದ ಹಿಕ್ಕಡುವಾಗೆ ನವೆಂಬರಿನಿಂದ ಏಪ್ರಿಲ್. ನಮ್ಮ ದಸರಾ ಸರಿಯಾಗಿ ಇವೆರಡರ ನಡುವಿನ ಸಂದಿಗೆ ಬೀಳುತ್ತದೆ.

ಹಾಗಾಗಿ ಸಮಭಾಜಕ ವೃತ್ತದ ಆಚೆ ನೋಡಿದೆ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ.

ತಿಂಗಳು ಗೊತ್ತಾದ ಮೇಲೆ ಜನರ ಲೆಕ್ಕ. ನನ್ನದು ಓಪನ್ ವಾಟರ್ ಎಂಬ ಆರಂಭದ ಹಂತದ ಡೈವಿಂಗ್ ಸರ್ಟಿಫಿಕೇಟ್, 18 ಮೀಟರ್ ನನ್ನ ಗಡಿ. ಬೋಟ್ ಅಲುಗಾಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಹೆಂಡತಿಗೆ ಕಡಲು ದಡದಿಂದ ನೋಡಲಷ್ಟೇ ಇಷ್ಟ. ಮಗಳಿಗೆ ಸ್ನಾರ್ಕೆಲ್ ಹುಚ್ಚು, ಬಾಯಲ್ಲಿ ಉಸಿರಾಟದ ಕೊಳವೆ ಇಟ್ಟುಕೊಂಡು ನೀರಿನ ಮೇಲೇ ತೇಲುತ್ತ ಒಳಗೆ ನೋಡುವುದು. ಈ ಪಟ್ಟಿ ಹಿಡಿದುಕೊಂಡು ಕೂತರೆ ಎಷ್ಟೋ ಹೆಸರುವಾಸಿ ಜಾಗಗಳು ತಾವಾಗೇ ಉದುರುತ್ತವೆ. ಬೋಟಿನಲ್ಲೇ ಉಳಿದು ದಿನಕ್ಕೆ ಮೂರು ನಾಲ್ಕು ಸಲ ಧುಮುಕುವ ಮಾಲ್ಡೀವ್ಸ್ ಪ್ರವಾಸ ನಮಗಲ್ಲ. ಅಲ್ಲಿ ಹವಳದ ದಿಬ್ಬಗಳ ನಡುವಿನ ಚಾನೆಲ್‌ಗಳ ಸೆಳೆತವೂ ಹೊಸಬರಿಗೆ ಹೇಳಿದ್ದಲ್ಲ. ಬಾಲಿಯಲ್ಲೇ ನುಸಾ ಪೆನಿಡಾ ದ್ವೀಪದ ಮಾಂಟಾಗಳ ವಿಡಿಯೊ ನೋಡಿ ಆಸೆಯೇನೋ ಆಯಿತು. ಆದರೆ ಆ ಕಡೆ ಸೆಳೆತ ಜೋರು, ನೀರು ಕೆಲವೊಮ್ಮೆ 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮೇಲಿಂದ ಬೋಟ್ ಬೇರೆ. ನನ್ನ ಕೈಲಾಗುವಷ್ಟು ಅನುಭವ ಬರುವವರೆಗೆ ಅದು ಕಾಯಲಿ ಅಂದುಕೊಂಡೆ.

ಕೊನೆಗೆ ಉಳಿದದ್ದು ಬಾಲಿಯ ಈಶಾನ್ಯ ದಡದ ತುಲಾಂಬೆನ್. ಇಲ್ಲಿ ಬೋಟೇ ಬೇಡ. ಮೈಮೇಲೆ ಟ್ಯಾಂಕ್ ಹೊತ್ತು ದಡದಿಂದ ನಡೆದೇ ನೀರಿಗಿಳಿದರೆ ಐವತ್ತು ಮೀಟರ್ ದಾಟುವ ಮೊದಲೇ ಒಂದು ಇಡೀ ಹಡಗು. ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗು ಅದು. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪೆಡೊ ಹೊಡೆಯಿತು, ಎಳೆದುಕೊಂಡು ಹೋಗಲಾಗದೆ ತುಲಾಂಬೆನ್ ದಡಕ್ಕೆ ತಂದು ಬಿಟ್ಟರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ದಡದಲ್ಲಿದ್ದ ಹಡಗು ಕಡಲಿಗೆ ಜಾರಿತು. ಸುಮಾರು 120 ಮೀಟರ್ ಉದ್ದ. ತೀರಾ ಮೇಲಿನ ಭಾಗ ಐದಾರು ಮೀಟರ್ ಆಳದಲ್ಲಿ, ತಳ 30ರ ಹತ್ತಿರ. ಅಂದರೆ ಮೇಲ್ಭಾಗವನ್ನು ಮಗಳು ಸ್ನಾರ್ಕೆಲ್ ಹಾಕಿಕೊಂಡು ಮೇಲಿಂದಲೇ ನೋಡಬಹುದು, ನಾನು 18ರ ಒಳಗೇ ಇದ್ದುಕೊಂಡು ಹೊಟ್ಟೆ ತುಂಬ ಸುತ್ತಬಹುದು, ಅನುಭವಿಗಳು ಇನ್ನೂ ಕೆಳಗಿಳಿಯಬಹುದು. ಇಷ್ಟು ಬೇರೆ ಬೇರೆ ಜನರಿಗೆ ಒಟ್ಟಿಗೆ ಒದಗುವ ಜಾಗ ನಾನಂತೂ ಬೇರೆ ಕಂಡಿಲ್ಲ.

ಮರಳಿನ ಬೀಚ್ ಅಂದುಕೊಂಡು ಹೋಗಬೇಡಿ. ದಡದ ತುಂಬ ಉರುಟು ಕಪ್ಪು ಕಲ್ಲು. ಟ್ಯಾಂಕಿನ ಭಾರದಲ್ಲಿ, ಅಲೆ ಬಡಿಯುವಾಗ ಆ ಕಲ್ಲುಗಳ ಮೇಲೆ ಕಾಲಿಡುವುದೇ ಇಡೀ ಡೈವಿನ ಕಷ್ಟದ ಭಾಗ. ಗಟ್ಟಿ ತಳದ ಬೂಟು ಬೇಕೇ ಬೇಕು. ನಾವು ಹೀಗೆ ತಡವರಿಸುತ್ತಿದ್ದರೆ ಊರಿನ ಹೆಂಗಸರು ಟ್ಯಾಂಕನ್ನು ತಲೆ ಮೇಲೆ ಹೊತ್ತು, ಕಾಲಲ್ಲಿ ಬರೀ ಚಪ್ಪಲಿ ಹಾಕಿಕೊಂಡು ನಡೆದುಬಿಡುತ್ತಾರೆ. ನೀರೊಳಗೆ ಜ್ವಾಲಾಮುಖಿಯ ಕಪ್ಪು ಮರಳು, ಅದರಿಂದ ನೆಟ್ಟ ಪೈರಿನ ಹಾಗೆ ತಲೆ ಎತ್ತಿ ತೂಗುವ ಗಾರ್ಡನ್ ಈಲ್ ಎಂಬ ಹಾವಿನಂಥ ಮೀನುಗಳು. ಹತ್ತಿರ ಹೋದರೆ ಪಟಕ್ಕನೆ ಮರಳೊಳಗೆ ಮಾಯ. ಬೆಳಗ್ಗೆ ಬೇಗ ಇಳಿಯಬೇಕು. ದಕ್ಷಿಣ ಬಾಲಿಯಿಂದ ಒಂದು ದಿನಕ್ಕೆಂದು ಬರುವ ಗುಂಪುಗಳು ತಲುಪುವ ಹೊತ್ತಿಗೆ ನಾವು ಮೇಲೆ ಬಂದು ತಿಂಡಿ ತಿನ್ನುತ್ತಿರಬೇಕು. ಅದಕ್ಕೇ ಊರಲ್ಲೇ ಉಳಿಯುವ ಕೋಣೆ ಹಿಡಿದೆ. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಎರಡೂವರೆ, ಮೂರು ಗಂಟೆ ದಾರಿ. ದಿನಾ ಹೋಗಿ ಬರುವ ದೂರವಲ್ಲ.

ಡೈವ್ ಸೆಂಟರ್‌ಗಳಿಗೆ ಬರೆದಾಗ ನಾನು ದರ ಕೇಳುವುದು ಕೊನೆಗೆ. ಒಬ್ಬ ಗೈಡ್ ಜೊತೆ ಎಷ್ಟು ಜನ ಇಳಿಯುತ್ತಾರೆ, ದಡದಲ್ಲಿ ಆಕ್ಸಿಜನ್ ಕಿಟ್ ಇದೆಯೇ, ಡೈವಿಂಗಿನಿಂದ ತೊಂದರೆಯಾದವರಿಗೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ರಿಕಂಪ್ರೆಷನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ ಅನ್ನುವುದು ಮೊದಲು. ಇದಕ್ಕೆ ‘ಚಿಂತೆ ಬೇಡ ಸರ್’ ಅಂತ ಉತ್ತರ ಬಂದರೆ ಮುಂದಿನ ಸೆಂಟರ್. ಇನ್ಶೂರೆನ್ಸ್ ಪತ್ರವನ್ನೂ ಓದಬೇಕು. ಸಾಮಾನ್ಯ ಟ್ರಾವೆಲ್ ಪಾಲಿಸಿಗಳಲ್ಲಿ ಎಷ್ಟೋ ಡೈವಿಂಗನ್ನು ಹೊರಗಿಡುತ್ತವೆ, ಇಲ್ಲವೇ ಆಳಕ್ಕೆ ಮಿತಿ ಹಾಕುತ್ತವೆ.

ಟಿಕೆಟ್ ಬುಕ್ ಮಾಡುವಾಗ ವಾಪಸಾಗುವ ದಿನದಿಂದ ಹಿಂದಕ್ಕೆ ಎಣಿಸುತ್ತೇನೆ. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು, ನಾನು ಪೂರ್ತಿ ಒಂದು ದಿನ ಬಿಡುತ್ತೇನೆ. ರಕ್ತದಲ್ಲಿ ಕರಗಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಬೇಕು, ಮೇಲೇರಿ ಒತ್ತಡ ತಗ್ಗಿದರೆ ಗುಳ್ಳೆಯಾಗುತ್ತದೆ. ವಿಮಾನಕ್ಕೆ ಮಾತ್ರ ಈ ನಿಯಮ ಅಂದುಕೊಳ್ಳುವವರು ಬಹಳ. ಬೆಟ್ಟಕ್ಕೂ ಇದೇ ಲೆಕ್ಕ. ತುಲಾಂಬೆನ್‌ನಿಂದ ಮರಳುವಾಗ ಚಾಲಕ ಕಿಂತಾಮಣಿ ನೋಡಿಕೊಂಡು ಹೋಗೋಣ ಅಂದರೆ ಅದು ಸುಮಾರು 1500 ಮೀಟರ್ ಎತ್ತರ, ಹಾಗಾಗಿ ಡೈವ್ ಮಾಡಿದ ದಿನ ಕರಾವಳಿಯ ರಸ್ತೆಯೇ ಸರಿ. ನೇತ್ರಾಣಿಗೆ ಹೋಗುವ ಬೆಂಗಳೂರಿನವರೂ ಇದನ್ನು ನೆನಪಿಡಬೇಕು. ಮಧ್ಯಾಹ್ನ ಕಡಲಿಂದ ಎದ್ದು ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿದರೆ ಬೆಳಗಿನೊಳಗೆ 900 ಮೀಟರ್ ಮೇಲಿರುತ್ತೀರಿ. ಆ ರಾತ್ರಿ ಮುರುಡೇಶ್ವರದಲ್ಲೇ ಉಳಿದು ಮರುದಿನ ಹೊರಡುವುದು ಒಳ್ಳೆಯದು.

ಮಗಳಿಗೆ ಹತ್ತು ತುಂಬುತ್ತಿದೆ. ಆ ವಯಸ್ಸಿಗೆ ಜೂನಿಯರ್ ಓಪನ್ ವಾಟರ್ ಕೋರ್ಸ್ ಸೇರಬಹುದು, 12 ಮೀಟರ್‌ವರೆಗೆ ಇಳಿಯಬಹುದು. ಬೇಸಿಗೆ ರಜೆಯಾದ್ದರಿಂದ ಈ ಸಲ ಹ್ಯಾವ್‌ಲಾಕ್ ನಡೆಯುತ್ತದೆ. ಅಲ್ಲಿ ದಡದಿಂದಲೇ ಇಳಿಯುವ ನೀಮೊ ರೀಫ್ ಎಂಬ ಹವಳದ ದಿಬ್ಬ ಇದೆ. ಏಪ್ರಿಲ್ ಮೊದಲ ವಾರಕ್ಕೆ ಟಿಕೆಟ್ ನೋಡುತ್ತಿದ್ದೇನೆ, ಮೇ ತಿಂಗಳ ಮಳೆಗೆ ಸಿಕ್ಕಿಹಾಕಿಕೊಳ್ಳುವುದು ಬೇಡ.